ಶಂಖದಿಂದ ಬಂದರೇನೇ ತೀರ್ಥವೇ? ಕಡಲಿಲ್ಲದ ನಮ್ಮ ಸೀಮೆಯಲ್ಲಿ ಚಿಪ್ಪಿನ ಚರಿತ್ರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ನಿಂತರೂ ಸಮುದ್ರ 250ರಿಂದ 300 ಕಿಲೋಮೀಟರ್ ದೂರ. ಕಡಲು ನೋಡದೆಯೇ ಬಾಳಿ ಹೋದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಆದರೂ ನಮ್ಮ ಮಾತಿನ ತುಂಬ ಕಡಲ ಸಾಮಾನೇ ಇದೆ. ಬಿದ್ದರೆ ಮಂಡಿ ಚಿಪ್ಪು ಒಡೆಯುತ್ತದೆ. ಸಂತೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಳ್ಳುತ್ತೇವೆ. ಸಾಲ ಕೊಟ್ಟು ಮೋಸ ಹೋದರೆ ಕೈಗೆ ಚಿಪ್ಪು ಬಂತು ಎನ್ನುತ್ತೇವೆ. ಕೆಲಸಕ್ಕೆ ಬಾರದವನಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ದೊಡ್ಡವರ ಬಾಯಿಂದ ಬಂದರಷ್ಟೇ ಮಾತಿಗೆ ಬೆಲೆ ಎನ್ನುವುದಕ್ಕೆ ‘ಶಂಖದಿಂದ ಬಂದರೇ ತೀರ್ಥ’ ಎಂಬ ಗಾದೆಯೇ ಇದೆ.

ಚರಿತ್ರೆಯ ವಿಷಯದಲ್ಲೂ ನಾವು ಆ ಗಾದೆಯಂತೆಯೇ ನಡೆದುಕೊಳ್ಳುತ್ತೇವೆ. ಶಾಸನದಲ್ಲಿದ್ದರೆ ಚರಿತ್ರೆ, ಪುಸ್ತಕದಲ್ಲಿದ್ದರೆ ಚರಿತ್ರೆ. ಅಜ್ಜಿ ಆಡುವ ಮಾತು ಮಾತ್ರ ಬರೀ ಮಾತು. ಚಿಪ್ಪು, ಒಳಲೆ, ಕವಡೆ, ಶಂಖ ಎಂಬ ನಾಲ್ಕು ಪದಗಳ ಹಿಂದೆ ಹೋಗಿ ನೋಡಿದರೆ ಬೇರೆಯದೇ ಕಾಣುತ್ತದೆ. ವ್ಯಾಪಾರ, ವೈದ್ಯ, ಅಧಿಕಾರ, ಅವಮಾನ ಎಲ್ಲವೂ ಆ ಮಾತುಗಳಲ್ಲೇ ಇವೆ.

ಮಂಡಿಯಲ್ಲೊಂದು ಚಿಪ್ಪು

ಮೊದಲು ಚಿಪ್ಪನ್ನೇ ತೆಗೆದುಕೊಳ್ಳಿ. ಒಳಗೆ ಮೆತ್ತಗಿರುವುದನ್ನು ಕಾಯುವ, ಹೊರಗೆ ಗಟ್ಟಿಯಾಗಿ ಬಾಗಿರುವ ಹೊದಿಕೆಗೆ ಕನ್ನಡದಲ್ಲಿ ಚಿಪ್ಪು ಎನ್ನುತ್ತಾರೆ. ಕೆರೆಯ ಕೆಸರಿನಲ್ಲಿ ಸಿಗುವ ಕಪ್ಪೆಚಿಪ್ಪು, ಆಮೆಯ ಚಿಪ್ಪು, ತೆಂಗಿನ ಚಿಪ್ಪು ಎಲ್ಲ ಇದೇ ಸಾಲಿನವು. ಮೈತುಂಬ ಚಿಪ್ಪು ಹೊದ್ದು, ಹೆದರಿದಾಗ ಉಂಡೆಯಾಗುವ ಪ್ರಾಣಿ ಚಿಪ್ಪುಹಂದಿ. ಬಾಳೆಗೊನೆಯಲ್ಲಿ ಸುತ್ತಲೂ ಬಾಗಿ ಕೂತ ಒಂದೊಂದು ಪದರವೂ ಚಿಪ್ಪು.

ಮೊಣಕಾಲಿನ ಮುಂದೆ ಇರುವ ದುಂಡು ಮೂಳೆಗೂ ಅದೇ ಹೆಸರು ಬಂತು. ಅದು ಕೀಲಿನ ಮುಂಭಾಗವನ್ನು ಕಾಯುತ್ತದೆ. ತೊಡೆಯ ಸ್ನಾಯು ಕಾಲನ್ನು ಚಾಚುವಾಗ ರಾಟೆಯಂತೆ ಬಲವನ್ನೂ ಹೆಚ್ಚಿಸುತ್ತದೆ. ಇದಕ್ಕೆ ವೈದ್ಯರು ಹೇಳುವ ‘ಪಟೆಲ್ಲಾ’ ಲ್ಯಾಟಿನ್ ಪದ, ಚಿಕ್ಕ ತಟ್ಟೆ ಎಂದು ಅರ್ಥ. ರೋಮಿನವರಿಗೆ ತಟ್ಟೆ ಕಂಡದ್ದು ನಮ್ಮವರಿಗೆ ಚಿಪ್ಪಾಗಿ ಕಂಡಿತು. ತಮಾಷೆಯೆಂದರೆ, ಕಡಲ ಬಂಡೆಗೆ ಅಂಟಿ ಬದುಕುವ ಒಂದು ಚಿಪ್ಪಿನ ಹುಳುವಿಗೂ ಪ್ರಾಣಿಶಾಸ್ತ್ರದವರು ಇಟ್ಟಿರುವ ಹೆಸರು ಪಟೆಲ್ಲಾ!

ಹೊಸಕೋಟೆ, ದೇವನಹಳ್ಳಿ ಕಡೆ ಮನೆಯಲ್ಲಿ ತೆಲುಗು ಆಡುವವರನ್ನು ಕೇಳಿ. ಅವರು ಇದನ್ನು ‘ಮೋಕಾಲಿ ಚಿಪ್ಪ’ ಎನ್ನುತ್ತಾರೆ. ತಮಿಳರು ಕಡಲ ಚಿಪ್ಪಿಗೆ ‘ಸಿಪ್ಪಿ’ ಎನ್ನುತ್ತಾರೆ. ಪದ ಒಂದೇ ಬೇರಿನದು. ಮೂರು ಭಾಷೆ ಕೂಡುವ ನಮ್ಮ ಗಡಿ ಸೀಮೆಯಲ್ಲಿ ಯಾರೂ ಯಾರಿಂದಲೂ ಸಾಲ ಪಡೆಯಬೇಕಾಗಿರಲಿಲ್ಲ.

ಚಿಪ್ಪಿಗೆ ಕೆಟ್ಟ ಹೆಸರು ಬಂದದ್ದು ತೆಂಗಿನಿಂದ. ತಿರುಳು ತೆಗೆದ ಮೇಲೆ ಉಳಿಯುವ ಚಿಪ್ಪು ಭಿಕ್ಷೆಯ ಪಾತ್ರೆಯಾಯಿತು. ಪ್ರತ್ಯೇಕ ಲೋಟ ಮುಟ್ಟಗೊಡದ ಕಾಲದಲ್ಲಿ ಹೋಟೆಲಿನ ಹೊರಗೆ, ಗೌಡರ ಮನೆ ಅಂಗಳದಲ್ಲಿ ದಲಿತರಿಗೆ ಕಾಫಿ, ನೀರು ಸುರಿಯುತ್ತಿದ್ದುದೂ ತೆಂಗಿನ ಚಿಪ್ಪಿಗೇ. ‘ಕೈಗೆ ಚಿಪ್ಪು’ ಎಂದು ನಾವು ನಗುತ್ತಾ ಆಡುವ ಮಾತಿನ ಹಿಂದೆ ಇದೂ ಇದೆ. ಮಾತು ಆಡುವಾಗ ನೆನಪಿರಲಿ.

ಒಳಲೆ: ಶಂಖದಲ್ಲಿ ಕುಡಿದ ಹಾಲು

ಹಳೆಯ ಮನೆಯ ಅಟ್ಟದಲ್ಲಿ ಹುಡುಕಿದರೆ ಹಿತ್ತಾಳೆಯದೋ ಬೆಳ್ಳಿಯದೋ ಒಂದು ಪುಟ್ಟ ಪಾತ್ರೆ ಸಿಗಬಹುದು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಉದ್ದ ಮೂತಿ. ಶಂಖವನ್ನು ಅಡ್ಡಲಾಗಿ ಸೀಳಿಟ್ಟ ಹಾಗೆ. ಇದು ಒಳಲೆ. ಕೆಲವು ಮನೆಗಳಲ್ಲಿ ಒಳ್ಳೆ ಎನ್ನುತ್ತಾರೆ. ಎಳೆಗೂಸಿಗೆ ಹಾಲು, ಔಷಧಿ ಕುಡಿಸುವ ಸಾಧನ. ತಮಿಳಿನಲ್ಲಿ ಇದಕ್ಕೆ ನೇರವಾಗಿ ‘ಸಂಗು’, ಅಂದರೆ ಶಂಖ ಎಂದೇ ಹೆಸರು. ‘ಪಾಲಾಡೈ’ ಎಂಬ ಹೆಸರೂ ಉಂಟು.

ಬಾಟಲಿ ಬಂದ ಮೇಲೆ ಒಳಲೆ ಮೂಲೆ ಸೇರಿತು. ಈಗ ಅದು ಆಸ್ಪತ್ರೆಯ ಬಾಗಿಲಿನಿಂದ ವಾಪಸು ಬಂದಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಎದೆ ಚೀಪುವ ಶಕ್ತಿ ಇನ್ನೂ ಬಾರದ ಕೂಸುಗಳಿಗೆ ತಾಯಿಯ ಹಾಲನ್ನೇ ಹಿಂಡಿ ಪಾಲಾಡೈಯಲ್ಲಿ ಕುಡಿಸುವುದು ಇಂದು ನವಜಾತ ಶಿಶು ಘಟಕಗಳಲ್ಲಿ ರೂಢಿ. ಕಾರಣ ಸರಳ. ಬಾಟಲಿಯ ಮೊಲೆತೊಟ್ಟಿನ ಸಂದಿಯಲ್ಲಿ ಕೊಳೆ ಕೂರುತ್ತದೆ, ರೋಗಾಣು ಬೆಳೆಯುತ್ತದೆ. ಒಳಲೆ ತೆರೆದ ಪಾತ್ರೆ, ತಿಕ್ಕಿ ಕುದಿಸಿದರೆ ಶುದ್ಧ. ಹಾಲಿನ ಬಾಟಲಿ ಮತ್ತು ಡಬ್ಬಿ ಹಾಲಿನ ಪ್ರಚಾರಕ್ಕೆ ನಮ್ಮ ದೇಶದಲ್ಲಿ 1992ರ ಕಾಯ್ದೆ ಕಡಿವಾಣ ಹಾಕಿದೆ.

ಹಾಗಂತ ಒಳಲೆಯಲ್ಲಿ ಏನು ಬೇಕಾದರೂ ಹಾಕಬಹುದು ಎಂದಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟರೆ ನೀರೂ ಬೇಡ, ಜೇನೂ ಬೇಡ ಎನ್ನುವುದು ವೈದ್ಯರ ಮಾತು. ಅಜ್ಜಿಯ ಪಾತ್ರೆ ಸರಿ, ಅದರೊಳಗಿನ ಸುತ್ತೌಷಧಿಯನ್ನು ಮಾತ್ರ ವೈದ್ಯರನ್ನು ಕೇಳದೆ ಹಾಕಬೇಡಿ.

ಕಿವಿಯೊಳಗಿನ ಬಸವನಹುಳು

ಬಸವನಹುಳು ಎಂಬ ಹೆಸರು ಎಷ್ಟು ಚೆನ್ನಾಗಿದೆ ನೋಡಿ. ತಲೆಯ ಮೇಲೆ ಎರಡು ಕೊಂಬು, ಬೆನ್ನ ಮೇಲೆ ಹಿಣಿಲು, ನಿಧಾನ ನಡಿಗೆ. ದನ ಕಾಯುವವರು ಹುಳುವಿನಲ್ಲೂ ಎತ್ತನ್ನೇ ಕಂಡರು. ಈಚೆಗೆ ಹಿಪ್ಪುನೇರಳೆ, ಪಪ್ಪಾಯಿ, ತರಕಾರಿ ತೋಟಕ್ಕೆ ನುಗ್ಗುವ ದೊಡ್ಡ ಆಫ್ರಿಕಾದ ಹುಳು ಬಂದಾಗ ರೈತರು ಅದಕ್ಕೆ ‘ಶಂಖದ ಹುಳು’ ಎಂದರು. 1847ರಲ್ಲಿ ಕಲ್ಕತ್ತಕ್ಕೆ ಒಬ್ಬ ಇಂಗ್ಲಿಷರವನು ತಂದುಬಿಟ್ಟ ಹುಳುವಿನ ಸಂತತಿ ಅದು. ಹೊಸ ಪೀಡೆಗೆ ಹಳೆಯ ಪದದಿಂದ ಹೆಸರು ಕಟ್ಟುವ ಕಸುಬು ನಮ್ಮಲ್ಲಿ ಇನ್ನೂ ಸತ್ತಿಲ್ಲ.

ಇದೇ ಹುಳು ನಮ್ಮೆಲ್ಲರ ಕಿವಿಯೊಳಗೂ ಇದೆ. ಕಿವಿಯ ತೀರಾ ಒಳಗೆ, ಬಟಾಣಿ ಕಾಳಿನಷ್ಟು ಗಾತ್ರದ ಒಂದು ಸುರುಳಿ ಇದೆ. ಎರಡೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು. ನೋಡಲು ಥೇಟ್ ಬಸವನಹುಳುವಿನ ಚಿಪ್ಪು. ‘ಕಾಕ್ಲಿಯಾ’ ಎಂಬ ವೈದ್ಯರ ಪದಕ್ಕೂ ಬಸವನಹುಳು ಎಂದೇ ಅರ್ಥ, ಮೂಲ ಗ್ರೀಕ್. ಹೊರಗಿನ ಕಿವಿಯ ಬಟ್ಟಲಿನಂಥ ಭಾಗಕ್ಕೆ ‘ಕಾಂಕಾ’ ಎನ್ನುತ್ತಾರೆ, ಅದೂ ಚಿಪ್ಪೇ. ಮೂಗಿನೊಳಗೆ ಸುರುಳಿಯಾಗಿ ಬಾಗಿ, ಉಸಿರನ್ನು ಬೆಚ್ಚಗೆ ಮಾಡುವ ಮೂಳೆಗಳಿಗೂ ಅದೇ ಹೆಸರು. ನಮ್ಮ ಆಯುರ್ವೇದದವರು ಕಣತಲೆಯ ಭಾಗಕ್ಕೆ ‘ಶಂಖ’ ಎಂದಿದ್ದಾರೆ. ಸುಶ್ರುತ ಹೇಳುವ 107 ಮರ್ಮಗಳಲ್ಲಿ ಶಂಖವೂ ಒಂದು. ಅಲ್ಲಿ ಪೆಟ್ಟು ಬಿದ್ದರೆ ಕೂಡಲೇ ಪ್ರಾಣ ಹೋಗಬಹುದು ಎಂದು ಎಚ್ಚರಿಸುತ್ತಾನೆ.

ಕಿವಿಯ ಸುರುಳಿ ಕೆಲಸ ಮಾಡುವುದು ಹೀಗೆ. ಅದರೊಳಗೆ ದ್ರವವಿದೆ. ಕೂದಲಿನಂಥ ಎಳೆಗಳಿರುವ ಸಾವಿರಾರು ಸೂಕ್ಷ್ಮ ಕಣಗಳಿವೆ. ಸದ್ದು ಬಂದಾಗ ದ್ರವ ಅಲುಗುತ್ತದೆ, ಎಳೆಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಸುರುಳಿಯ ಬಾಯಿಯ ಹತ್ತಿರ ಕೀಚಲು ದನಿ, ತುದಿಯಲ್ಲಿ ದಪ್ಪ ದನಿ. ಒಂದು ಕಿವಿಗೆ ಇಂಥ ಕಣ ಸುಮಾರು 15,000. ಸತ್ತ ಕಣ ಮತ್ತೆ ಹುಟ್ಟುವುದಿಲ್ಲ.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪವರ್‌ಲೂಮ್ ಶೆಡ್ಡಿನಲ್ಲಿ ದಿನವಿಡೀ ನಿಂತವರು ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಾರೆ. 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ಇದ್ದರೆ ಈ ಕಣಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಹೋಗುವುದು ಕೀಚಲು ದನಿ. ಅಂದರೆ ಮಕ್ಕಳ ಮಾತು, ಹಕ್ಕಿಯ ಕೂಗು. ಕೆಲವು ರೂಪಾಯಿಯ ಇಯರ್‌ಪ್ಲಗ್ ಇದನ್ನು ತಡೆಯಬಲ್ಲದು. ‘ಕಾಕ್ಲಿಯಾ ಡ್ಯಾಮೇಜ್’ ಎಂದರೆ ತಲೆ ಆಡಿಸಿ ಬರುತ್ತೇವೆ. ‘ಕಿವಿಯೊಳಗಿನ ಬಸವನಹುಳು ಸಾಯುತ್ತಿದೆ’ ಎಂದರೆ ನಾಳೆಯಿಂದ ಹತ್ತಿಯಾದರೂ ಹುಡುಕುತ್ತೇವೆ. ಆದರೆ ಹತ್ತಿ ಸಾಲದು, ಪ್ಲಗ್ಗೇ ಬೇಕು.

ಹುಟ್ಟಿನಿಂದ ಕೇಳದ ಮಕ್ಕಳ ಮಾತೂ ಇಲ್ಲೇ ಬರುತ್ತದೆ. ‘ಕಾಕ್ಲಿಯರ್ ಇಂಪ್ಲಾಂಟ್’ ಎಂದರೆ ಈ ಸುರುಳಿಯೊಳಗೆ ಸಣ್ಣ ತಂತಿ ಇಳಿಸಿ ನರಕ್ಕೆ ನೇರವಾಗಿ ಸದ್ದಿನ ಸುದ್ದಿ ಮುಟ್ಟಿಸುವ ಸಾಧನ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಬಡ ಕುಟುಂಬದ ಮಕ್ಕಳಿಗೆ ಇದಕ್ಕೆ ನೆರವಿದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪರೀಕ್ಷೆ, ತರಬೇತಿ ಎರಡನ್ನೂ ಕೊಡುತ್ತದೆ. ಆದರೆ ವಯಸ್ಸು ಮುಖ್ಯ. ಮಾತು ಕಲಿಯುವ ಎಳೆಯ ವರ್ಷಗಳು ದಾಟಿದರೆ ಫಲ ಕಡಿಮೆ. ತಟ್ಟೆ ಬಿದ್ದ ಸದ್ದಿಗೂ ಕೂಸು ಬೆಚ್ಚದಿದ್ದರೆ ‘ಅವರಪ್ಪನೂ ತಡವಾಗಿ ಮಾತಾಡಿದ್ದು’ ಎಂದು ಕೂರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ.

ಕವಡೆ ಕಾಸಿನ ಕಿಮ್ಮತ್ತು

ಕವಡೆ ಹಿಂದೂ ಮಹಾಸಾಗರದ ಒಂದು ಪುಟ್ಟ ಹುಳುವಿನ ಚಿಪ್ಪು. ನಮ್ಮ ದೇಶಕ್ಕೆ ಮುಖ್ಯವಾಗಿ ಬರುತ್ತಿದ್ದುದು ಮಾಲ್ಡೀವ್ಸ್ ದ್ವೀಪಗಳಿಂದ. ಒಂದೇ ಅಳತೆ, ಸವೆಯುವುದಿಲ್ಲ, ಖೋಟಾ ಮಾಡಲು ಆಗುವುದಿಲ್ಲ. ಚಿಲ್ಲರೆ ನಾಣ್ಯಕ್ಕೆ ಇನ್ನೇನು ಬೇಕು?

ಭಾಸ್ಕರಾಚಾರ್ಯ 1150ರಲ್ಲಿ ಬರೆದ ‘ಲೀಲಾವತಿ’ ಗಣಿತದ ಪುಸ್ತಕ ಶುರುವಿನಲ್ಲೇ ಹಣದ ಲೆಕ್ಕ ಕೊಡುತ್ತದೆ. 20 ಕವಡೆಗೆ 1 ಕಾಕಿಣಿ. 4 ಕಾಕಿಣಿಗೆ 1 ಪಣ. 16 ಪಣಕ್ಕೆ 1 ದ್ರಮ್ಮ. 16 ದ್ರಮ್ಮಕ್ಕೆ 1 ನಿಷ್ಕ. ಅಂದರೆ ಒಂದು ಪಣಕ್ಕೆ 80 ಕವಡೆ, ಒಂದು ನಿಷ್ಕಕ್ಕೆ 20,480 ಕವಡೆ. ಆ ಪಣವೇ ಕನ್ನಡದ ಬಾಯಲ್ಲಿ ‘ಹಣ’ ಆಯಿತು. ಇಂದು ನಾವು ಯುಪಿಐನಲ್ಲಿ ಕಳಿಸುವ ಹಣದ ಹೆಸರಿಗೂ ಒಂದು ಕಾಲಕ್ಕೆ 80 ಚಿಪ್ಪಿನ ಬೆಲೆ ಇತ್ತು.

ಕವಡೆಗೆ ಕಿಮ್ಮತ್ತಿಲ್ಲ ಎನ್ನುವುದು ಕೊನೆಯ ಅಧ್ಯಾಯದ ಮಾತು. ಅದಕ್ಕಿಂತ ಮೊದಲು ಅದಕ್ಕೆ ಭಯಂಕರ ಕಿಮ್ಮತ್ತಿತ್ತು. ಯೂರೋಪಿನ ಕಂಪನಿಗಳು ಮಾಲ್ಡೀವ್ಸ್ ಕವಡೆಯನ್ನು ಹಡಗಿನ ತಳದಲ್ಲಿ ಭಾರಕ್ಕೆಂದು ತುಂಬಿಕೊಂಡು ಹೋಗಿ, ಪಶ್ಚಿಮ ಆಫ್ರಿಕಾದಲ್ಲಿ ಅದೇ ಕವಡೆ ಕೊಟ್ಟು ಮನುಷ್ಯರನ್ನು ಕೊಂಡರು. ಹಾಗೆ ಕೊಂಡವರನ್ನು ಅಮೆರಿಕದ ತೋಟಗಳಿಗೆ ಗುಲಾಮರಾಗಿ ಸಾಗಿಸಿದರು. ಇತ್ತ ಒಡಿಶಾದಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಂದಾಯವನ್ನು ಕವಡೆಯ ಬದಲು ಬೆಳ್ಳಿಯಲ್ಲೇ ಕಟ್ಟಬೇಕೆಂದು ಪಟ್ಟು ಹಿಡಿಯಿತು. ಮನೆಯಲ್ಲಿ ಕವಡೆ ಕೂಡಿಟ್ಟ ರೈತ ರಾತ್ರೋರಾತ್ರಿ ಬಡವನಾದ. 1817ರ ಪಾಯಿಕ ಬಂಡಾಯಕ್ಕೆ ಇದೂ ಒಂದು ಕಾರಣ. 2016ರ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತವರಿಗೆ ಆ ರೈತನ ಸಂಕಟ ಅರ್ಥವಾಗುತ್ತದೆ.

ನಮ್ಮಲ್ಲಿ ಕವಡೆ ಚಲಾವಣೆ ಕಳೆದುಕೊಂಡ ಮೇಲೂ ಕೆಲಸ ಕಳೆದುಕೊಳ್ಳಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ಹೋರಿಗಳ ಕೊರಳಲ್ಲಿ ಗೆಜ್ಜೆಯ ಜೊತೆ ಕವಡೆ ಸರ ಕಾಣುತ್ತೀರಿ. ಕವಡೆಯ ಸೀಳು ಅರೆಮುಚ್ಚಿದ ಕಣ್ಣಿನ ಹಾಗಿರುತ್ತದೆ. ಕೆಟ್ಟ ಕಣ್ಣಿಗೆ ಎದುರು ಕಣ್ಣು.

ಇನ್ನು ಚೌಕಾಬಾರ. ಐದು ಸಾಲು, ಐದು ಮನೆ, ನಾಲ್ಕು ಕವಡೆ. ಒಂದು ಕವಡೆ ಬಾಯಿ ಮೇಲಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಎಸೆಯುವ ಅವಕಾಶ. ಕವಡೆ ಸಿಗದ ಮನೆಗಳಲ್ಲಿ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಕಡಲ ಚಿಪ್ಪಿಗೆ ಬಯಲುಸೀಮೆ ಕಂಡುಕೊಂಡ ಬದಲಿ ಅದು. ಹಳೆಯ ಗುಡಿಗಳ ಕಲ್ಲುಹಾಸು, ಜಗಲಿ, ಅರಳಿಕಟ್ಟೆಯ ಮೇಲೆ ಈ ಮನೆಗಳನ್ನು ಕೊರೆದಿರುವುದನ್ನು ನೀವೂ ನೋಡಿರಬಹುದು. ಕೊರೆದವರ ಹೆಸರು ಅಲ್ಲಿಲ್ಲ.

ಶಂಖ ಯಾರದು?

ಹೆಸರಿರುವ ಕಲ್ಲುಗಳೂ ಇವೆ. 1905ರಲ್ಲಿ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ನಮ್ಮ ನಾಲ್ಕೂ ತಾಲ್ಲೂಕುಗಳು ಅದರಲ್ಲಿವೆ. ನೆಲಮಂಗಲ ತಾಲ್ಲೂಕಿನ ಮಣ್ಣೆ ಅಂದಿನ ಮಾನ್ಯಪುರ, ಎಂಟನೆಯ ಶತಮಾನದಲ್ಲಿ ಗಂಗರ ಶ್ರೀಪುರುಷ ಆಳಿದ ಪಟ್ಟಣ.

ಆ ಕಾಲದ ಕರ್ನಾಟಕದ ಶಾಸನಗಳಲ್ಲಿ ಸಾಮಂತರ ಹೆಸರಿನ ಹಿಂದೆ ‘ಪಂಚಮಹಾಶಬ್ದ’ ಪಡೆದವನು ಎಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಐದು ವಾದ್ಯಗಳ ಸದ್ದನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಹಕ್ಕು ಅದು. ಕೊಂಬು, ತಮಟೆ, ಶಂಖ, ಭೇರಿ, ಜಯಘಂಟೆ. ಕೇಳಿಕೇಳಿದವರಿಗೆಲ್ಲ ಆ ಹಕ್ಕು ಸಿಗುತ್ತಿರಲಿಲ್ಲ. ದೊಡ್ಡ ದೊರೆ ಮೆಚ್ಚಿ ಕೊಡಬೇಕಿತ್ತು. 2017ರವರೆಗೆ ದೊಡ್ಡವರ ಕಾರಿಗೆ ಕೆಂಪು ದೀಪ ಇದ್ದ ಹಾಗೆ ಅಂದು ಶಂಖ.

ಈಗ ಅದೇ ವಾದ್ಯಗಳನ್ನು ನಮ್ಮ ಊರುಗಳಲ್ಲಿ ಯಾರು ನುಡಿಸುತ್ತಾರೆ ನೋಡಿ. ತಮಟೆ ದಲಿತರ ಕೇರಿಯಿಂದ ಬರುತ್ತದೆ. ಶಂಖ, ಜಾಗಟೆ ದಾಸಯ್ಯನ ಕೈಯಲ್ಲಿದೆ. ಶ್ರಾವಣ ಶನಿವಾರ ಮನೆ ಮುಂದೆ ಶಂಖ ಊದಿ ಅಕ್ಕಿ ಪಡೆಯುವವನೂ ಅವನೇ, ಸಾವಿನ ಮನೆಯಲ್ಲಿ ಹೆಣದ ಮುಂದೆ ಊದಿಕೊಂಡು ಹೋಗುವವನೂ ಅವನೇ. ಸದ್ದು ಪಡೆದವನಿಗೆ ಬಿರುದು ಸಿಕ್ಕಿತು, ಸದ್ದು ಮಾಡಿದವನಿಗೆ ಜಗಲಿಯ ಕೆಳಗಿನ ಜಾಗ ಸಿಕ್ಕಿತು. ಸಾಮಂತನ ಹೆಸರು ಕಲ್ಲಿನಲ್ಲಿದೆ. ಅವನ ಮುಂದೆ ಕೆನ್ನೆ ಉಬ್ಬಿಸಿ ಶಂಖ ಊದಿದವನ ಹೆಸರು ಎಲ್ಲೂ ಇಲ್ಲ.

ಶಂಖದ ಗುರುತು ಮೈಮೇಲೂ ಬಂತು, ಗುಡಿಯ ಮೇಲೂ ಬಂತು. ವೈಷ್ಣವ ದೀಕ್ಷೆ ಪಡೆಯುವವರಿಗೆ ಬಲ ತೋಳಿಗೆ ಚಕ್ರ, ಎಡ ತೋಳಿಗೆ ಶಂಖದ ಮುದ್ರೆ. ವಿಷ್ಣು ದೇವಾಲಯಗಳ ಬಾಗಿಲು, ಗರುಡಗಂಬಗಳ ಮೇಲೆ ಶಂಖ, ಚಕ್ರ, ನಾಮ. ಶಂಖ ಒಂದೇ ಮತದ್ದೂ ಅಲ್ಲ. ಜೈನರ ತೀರ್ಥಂಕರ ನೇಮಿನಾಥನ ಲಾಂಛನ ಶಂಖ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಆತನ ಹೆಸರಾಂತ ಗುಡಿಗೆ ಶಂಖಬಸದಿ ಎಂದೇ ಹೆಸರು. ಶಿಲ್ಪಿಗಳು ವಿಗ್ರಹದ ಕತ್ತಿನಲ್ಲಿ ಮೂರು ಗೆರೆ ಎಳೆಯುವುದೂ ಶಂಖದ ಲೆಕ್ಕದಲ್ಲೇ. ಅಂಥ ಕತ್ತಿಗೆ ‘ಕಂಬುಕಂಠ’ ಎನ್ನುತ್ತಾರೆ. ಕಂಬು ಎಂದರೆ ಶಂಖ. ಮುಂದಿನ ಸಲ ಗುಡಿಗೆ ಹೋದಾಗ ದೇವರ ಕತ್ತು ನೋಡಿ.

ಹೊಲದ ಬದು, ಕೆರೆ ಏರಿಯ ಮೇಲೆ ಶಂಖ ಚಕ್ರ ಕೆತ್ತಿದ ಕಲ್ಲುಗಳೂ ಇರುತ್ತವೆ. ವಿಷ್ಣು ದೇವಾಲಯಕ್ಕೆ ಬಿಟ್ಟ ಜಮೀನಿನ ಎಲ್ಲೆ ಕಲ್ಲು ಅದು. ಓದು ಬಾರದವರಿಗೂ ಅರ್ಥವಾಗುವ ಪಹಣಿ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಇಲ್ಲಿಯ ನೆಲಕ್ಕೆ ಚಿನ್ನದ ಬೆಲೆ. ಲೇಔಟಿಗೆ ಜೆಸಿಬಿ ಇಳಿದಾಗ ಮೊದಲು ಏಳುವುದು ಇಂಥ ಕಲ್ಲುಗಳೇ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಭಾಗದ ಶಾಸನಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಆದರೆ ಅಕ್ಷರವಿಲ್ಲದ, ಬರೀ ಶಂಖವಿರುವ ಕಲ್ಲನ್ನು ಕಾಯಬೇಕಾದವರು ಊರಿನವರೇ.

ಗೋಡೆಯೂ ಚಿಪ್ಪೇ

ಕಟ್ಟಡದೊಳಗೂ ಚಿಪ್ಪು ಇದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ನಮ್ಮಲ್ಲಿ ಸುಣ್ಣಕಲ್ಲು ಸುಡುತ್ತಿದ್ದರು. ಎರಡರ ಸಾರವೂ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಗಾರೆ ಮಾಡಿ ಗೋಡೆಗೆ ಬಳಿದರೆ ಗಾಳಿಯಿಂದ ಅದೇ ಅನಿಲವನ್ನು ಮತ್ತೆ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಂದರೆ ಗೋಡೆ ಮತ್ತೆ ಚಿಪ್ಪಾಗುತ್ತದೆ. ಹಳೆಯ ಗಾರೆ ಮನೆ ಉಸಿರಾಡುತ್ತದೆ ಎನ್ನುವ ಮಾತು ಬರೀ ಮಾತಲ್ಲ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಅಷ್ಟು ಬಿಡುವುದಿಲ್ಲ. ಹಳೆಯ ಗುಡಿಯ ಗೋಡೆಗೆ ಸಿಮೆಂಟು ಮೆತ್ತುವ ಮುನ್ನ ಇದನ್ನು ಯೋಚಿಸಬೇಕು.

ತೆಳು ಚಿಪ್ಪು ಭಾರ ತಡೆಯುವ ಗುಟ್ಟು ಅದರ ಬಾಗಿನಲ್ಲಿ, ಗೀರಿನಲ್ಲಿದೆ. ಒಂದು ಹಾಳೆಯನ್ನು ಎರಡು ಪುಸ್ತಕದ ನಡುವೆ ಸೇತುವೆಯಂತೆ ಇಟ್ಟರೆ ಬಗ್ಗುತ್ತದೆ. ಅದನ್ನೇ ಬೀಸಣಿಗೆಯಂತೆ ಮಡಿಸಿಟ್ಟರೆ ಮೇಲೆ ಮೊಬೈಲ್ ಇಡಬಹುದು. 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಅಲೆಅಲೆಯಾದ ತಗಡಿನ ಶೀಟಿಗೆ ಪೇಟೆಂಟ್ ಪಡೆದದ್ದು ಈ ಗುಟ್ಟಿನಿಂದಲೇ. ಅವನು ಚಿಪ್ಪು ನೋಡಿ ಕಲಿತನೆಂದು ಹೇಳುತ್ತಿಲ್ಲ. ಆದರೆ ಮಗ್ಗದ ಶೆಡ್ಡಿನ ಶೀಟನ್ನೂ ಗೀರುಗೀರಾದ ಕಡಲ ಚಿಪ್ಪನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾರು ಯಾರಿಗಿಂತ ಹಿರಿಯರು ಎಂದು ತಿಳಿಯುತ್ತದೆ.

ಹಾಗಾದರೆ ತೀರ್ಥ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಹೇಳಿದ್ದು ಪದಗಳ ಮೇಲಿನ ಮೋಹಕ್ಕಲ್ಲ. ಮಂಡಿ ಚಿಪ್ಪು ಎಂದ ರೋಗಿಗೆ ಪಟೆಲ್ಲಾ ಎಂದು ಉತ್ತರಿಸಿದರೆ ಅವನು ಅರ್ಧ ತಿಳಿದು ಮನೆಗೆ ಬರುತ್ತಾನೆ. ಒಳಲೆ ಎಂಬ ಪದ ಮರೆತ ಮನೆಗೆ ಪಾಲಾಡೈ ಹೊಸ ಸಾಮಾನಾಗಿ ಕಾಣುತ್ತದೆ. ಶಂಖದ ಕಲ್ಲು ಏನೆಂದು ಗೊತ್ತಿಲ್ಲದವನಿಗೆ ಅದು ಜೆಸಿಬಿಗೆ ಅಡ್ಡ ಬಂದ ಬಂಡೆ. ಪದ ಹೋದರೆ ಅದರ ಜೊತೆ ತಿಳಿವಳಿಕೆಯೂ ಹೋಗುತ್ತದೆ, ಕೆಲವೊಮ್ಮೆ ಹಕ್ಕೂ ಹೋಗುತ್ತದೆ.

ನಿಮ್ಮಿಂದ ಆಗುವ ಕೆಲಸ ಮೂರಿದೆ. ಊರಿನ ಬದುವಿನಲ್ಲಿ ಶಂಖ ಚಕ್ರದ ಕಲ್ಲು ಇದ್ದರೆ ಫೋನಿನಲ್ಲಿ ಫೋಟೊ ತೆಗೆದು, ಜಾಗದ ಗುರುತು ಬರೆದು, ಗ್ರಾಮ ಪಂಚಾಯಿತಿಗೆ ಕೊಡಿ. ಮನೆಯ ಹಿರಿಯ ಹೆಂಗಸರು ಬಳಸುವ ಚಿಪ್ಪು, ಕವಡೆಯ ಮಾತುಗಳನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಿಮ್ಮೂರ ದಾಸಯ್ಯ ಈ ಶ್ರಾವಣದಲ್ಲಿ ಬಾಗಿಲಿಗೆ ಬಂದಾಗ ಅಕ್ಕಿ ಹಾಕಿ ಕಳಿಸುವ ಮೊದಲು ಅವರ ಹೆಸರು ಕೇಳಿ, ಶಂಖ ಊದುವುದನ್ನು ಯಾರಿಂದ ಕಲಿತರು ಎಂದು ಕೇಳಿ, ಬರೆದಿಡಿ. ಸಾವಿರ ವರ್ಷದ ಕೆಳಗೆ ಕಲ್ಲು ಕೆತ್ತಿದವರು ಆ ಹೆಸರನ್ನು ಬಿಟ್ಟರು. ನಾವು ಬಿಡಬೇಕಿಲ್ಲ.